ನಾಳೆಯ ಅಕ್ಕಿ

ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಎಂದು ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆ ನಮಗೆಲ್ಲ ಗೊತ್ತು. ನಾಳೆಗೆಂದು ಕೂಡಿಡುವುದು ದೇವರ ಮೇಲಿನ ಅಪನಂಬಿಕೆ ಎಂಬ ಭಾವನೆ ಈ ನೆಲದಲ್ಲಿ ಆಳವಾಗಿ ಬೇರೂರಿದೆ. ಗಾಂಧೀಜಿ ಕೂಡ ಮುಂಬಯಿಯಲ್ಲಿ ಏಜೆಂಟನೊಬ್ಬನ ಮಾತಿಗೆ ಒಪ್ಪಿ 10,000 ರೂಪಾಯಿಯ ಜೀವವಿಮೆ ಮಾಡಿಸಿದ್ದರು. ಮುಂದೆ ದಕ್ಷಿಣ ಆಫ್ರಿಕಾದಲ್ಲಿ ಗೀತೆಯ ಅಪರಿಗ್ರಹವನ್ನು ಚಿಂತಿಸುತ್ತ ಕಂತು ಕಟ್ಟುವುದನ್ನೇ ಬಿಟ್ಟರು. ವಿಮೆಯಿಂದ ಹೆಂಡತಿ ಮಕ್ಕಳ ಸ್ವಾವಲಂಬನೆಯನ್ನು ಕಸಿದಂತಾಯಿತು ಎಂಬುದು ಆತ್ಮಕಥೆಯಲ್ಲಿ ಅವರು ಕೊಟ್ಟ ಕಾರಣ. ಅರವತ್ತು ತುಂಬಿ, ಕಚೇರಿಯ ಗುಂಪು ವಿಮೆ ಕೈಬಿಟ್ಟು, ಇನ್ನೊಂದು ಆರೋಗ್ಯವಿಮೆ ಬೇಕೋ ಬೇಡವೋ ಎಂದು ತೂಗುತ್ತಿರುವವರ ಎದುರಿಗೂ ಹಣದ ಲೆಕ್ಕದ ಹಿಂದೆ ಇದೇ ಪ್ರಶ್ನೆ ನಿಂತಿದೆ. ಒಂದೊಂದನ್ನೇ ಬಿಡುತ್ತ ಹೋಗಬೇಕಾದ ವಾನಪ್ರಸ್ಥದಲ್ಲಿ ನಾಳೆಗೆಂದು ಕಟ್ಟಿಡುವುದು ಸರಿಯೆ?

ಸರಿ ಎಂದೇ ನನ್ನ ವಾದ, ಏಕೆಂದರೆ ಆರೋಗ್ಯವಿಮೆಯ ಕಂತು ಕೂಡಿಟ್ಟ ಹಣವಲ್ಲ. ವರ್ಷವಿಡೀ ಕಾಯಿಲೆ ಬರದಿದ್ದರೆ ಅದು ಕಟ್ಟಿದವರಿಗೆ ಮರಳುವುದಿಲ್ಲ. ಯಾರದೋ ಹೃದಯದ ಸ್ಟೆಂಟಿಗೆ, ಯಾರದೋ ಮುರಿದ ತೊಡೆಮೂಳೆಗೆ ಹೋಗಿರುತ್ತದೆ. ಕಣಜಕ್ಕೆ ತುಂಬಿದ ಅಕ್ಕಿಗೂ ಪಂಕ್ತಿಗೆ ಬಡಿಸಿದ ಅಕ್ಕಿಗೂ ಇರುವ ವ್ಯತ್ಯಾಸ ಇದು. ಆಸ್ಪತ್ರೆಯ ಭಯಕ್ಕೆ 30 ಲಕ್ಷವನ್ನು ಬ್ಯಾಂಕಿನಲ್ಲಿಟ್ಟು ಮುಟ್ಟದೆ ಕಾಯುವುದೇ ನಿಜವಾದ ಸಂಗ್ರಹ. ಗಾಂಧೀಜಿ ಬಿಟ್ಟದ್ದು ಜೀವವಿಮೆಯನ್ನು, ಅದೂ ದುಡಿಯುವ ವಯಸ್ಸಿನಲ್ಲಿ. ಮುಪ್ಪಿನಲ್ಲಿ ಅವರ ತರ್ಕ ತಿರುಗಿ ನಿಲ್ಲುತ್ತದೆ: ವಿಮೆಯಿಲ್ಲದವರ ಬಿಲ್ಲು ಮಕ್ಕಳ ಹೆಗಲಿಗೆ ಬೀಳುತ್ತದೆ. ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮವಲ್ಲವೆ ಎಂದು ಕೇಳಬಹುದು. ಹೌದು, ಆದರೆ ವಿಮೆ ಹಾಸಿಗೆಯ ಪಕ್ಕ ಕೂರುವುದಿಲ್ಲ, ನಡುರಾತ್ರಿ ಎದ್ದು ನೀರು ಕುಡಿಸುವುದಿಲ್ಲ. ಋಣ ತೀರಿಸಲು ಮಕ್ಕಳಿಗೆ ಬೇಕಾದಷ್ಟು ಉಳಿದಿರುತ್ತದೆ.

ದಾಸೋಹ ಭಕ್ತಿಯಿಂದ ನಡೆಯುವಂಥದ್ದು, ವಿಮೆ ಲಾಭಕ್ಕಾಗಿ ನಡೆಯುವ ವ್ಯಾಪಾರ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ವಯಸ್ಸಾದಂತೆ ಕಂತು ಏರಿಸುವ ವ್ಯವಸ್ಥೆಯನ್ನು ದಾಸೋಹ ಎಂದು ಕರೆಯಲು ನನಗೂ ಮನಸ್ಸಿಲ್ಲ. ಆದರೂ ದೋಷ ಬಡಿಸುವವರದು, ಹಂಚಿಕೊಳ್ಳುವ ತತ್ವದ್ದಲ್ಲ. 2003ರಲ್ಲಿ ಕರ್ನಾಟಕದ ಸಹಕಾರ ಸಂಘಗಳ ರೈತರು ತಿಂಗಳಿಗೆ 5 ರೂಪಾಯಿ ಕೂಡಿಸಿ ಯಶಸ್ವಿನಿ ಆರೋಗ್ಯ ಯೋಜನೆಯ ಮೂಲಕ ಶಸ್ತ್ರಚಿಕಿತ್ಸೆ ಪಡೆಯತೊಡಗಿದಾಗ ಅದೇ ತತ್ವ ಬೇರೆ ಮುಖದಲ್ಲಿ ಕಂಡಿತ್ತು. ಪಂಕ್ತಿ ಎಂದಮೇಲೆ ಕೂತವರಿಗೂ ನಿಯಮವಿದೆ. ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯನ್ನು ಮುಚ್ಚಿಡುವವರು ಕಂಪನಿಗೆ ಮಾತ್ರ ಮೋಸ ಮಾಡುತ್ತಿಲ್ಲ, ಪಕ್ಕದವರ ಎಲೆಗೂ ಕೈ ಹಾಕುತ್ತಿದ್ದಾರೆ. 2024ರ ಏಪ್ರಿಲ್‌ನಿಂದ ಹಳೆಯ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿ 3 ವರ್ಷಕ್ಕೆ ಇಳಿದಿದೆ, 65 ದಾಟಿದವರಿಗೂ ಕಂಪನಿಗಳು ಪಾಲಿಸಿಗಳನ್ನು ರೂಪಿಸಬೇಕು ಎಂಬ ನಿಯಮವೂ ಬಂದಿದೆ. ಸುಳ್ಳು ಹೇಳುವ ಬದಲು, ನಿವೃತ್ತಿಗೆ ಮೂರು ವರ್ಷ ಮೊದಲೇ ಸ್ವಂತ ಪಾಲಿಸಿ ಮಾಡಿಸಿ ಆ ಅವಧಿಯನ್ನು ಕಳೆಯಬಹುದು.

ಲಕ್ಕಮ್ಮ ಅಕ್ಕಿಯನ್ನೇ ಬೇಡವೆನ್ನಲಿಲ್ಲ, ಇಷ್ಟೊಂದು ಏಕೆ ಎಂದು ಕೇಳಿದಳು. ಪೂರಕ ವಿಮೆಯನ್ನು ಆರಿಸುವವರು ಕೇಳಿಕೊಳ್ಳಬೇಕಾದದ್ದೂ ಅದನ್ನೇ. ಸೂಪರ್ ಟಾಪ್-ಅಪ್ ಪಾಲಿಸಿಯಲ್ಲಿ ಮೊದಲ 5 ಲಕ್ಷ ನಮ್ಮದು, ಅದರಾಚೆಯದು ಎಲ್ಲರದು ಎಂದು ಗೆರೆ ಎಳೆಯಬಹುದು. ಆ 5 ಲಕ್ಷವನ್ನು ಹಳೆಯ ಪಾಲಿಸಿಯೋ ಉಳಿತಾಯವೋ ಭರಿಸುತ್ತದೆ. ಬರೀ ಟಾಪ್-ಅಪ್ ಒಂದೊಂದು ಬಿಲ್ಲನ್ನೂ ಬೇರೆಬೇರೆಯಾಗಿ ಅಳೆಯುತ್ತದೆ, ಸೂಪರ್ ಟಾಪ್-ಅಪ್ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸಿ ನೋಡುತ್ತದೆ. ಮತ್ತೆ ಮತ್ತೆ ಆಸ್ಪತ್ರೆ ಸೇರುವ ವಯಸ್ಸಿಗೆ ಎರಡನೆಯದೇ ತಕ್ಕದ್ದು. ಒಬ್ಬನೇ ಹೊರಬಹುದಾದ ಭಾರವನ್ನು ತಾನೇ ಹೊತ್ತು, ಆಗದ್ದನ್ನಷ್ಟೇ ಹಲವರ ಹೆಗಲಿಗೆ ಕೊಡುವುದರಲ್ಲಿ ಅಪರಿಗ್ರಹಕ್ಕೆ ಕುಂದೇನೂ ಇಲ್ಲ.

ಆದರೆ ಎಷ್ಟು ಎಂಬುದಕ್ಕೆ ಎಲ್ಲಿಯವರೆಗೆ ಎಂಬ ಇನ್ನೊಂದು ಮಗ್ಗುಲಿದೆ. 50 ಲಕ್ಷದ ವಿಮೆಯಿದ್ದರೆ, ಮರಳಲಾರದ ಜೀವವನ್ನೂ ವೆಂಟಿಲೇಟರಿನಲ್ಲಿ ವಾರಗಟ್ಟಲೆ ಹಿಡಿದಿಡಲು ಹಣ ಅಡ್ಡಿಯಾಗುವುದಿಲ್ಲ. ವಿಮೆ ಸಾವನ್ನು ಕೆಡಿಸುತ್ತದೆ ಎಂಬ ಭಯದಲ್ಲಿ ಹುರುಳಿದೆ. ಶ್ರವಣಬೆಳಗೊಳದ ಬೆಟ್ಟದಲ್ಲಿ, ಉಪವಾಸದಿಂದ ದೇಹ ಬಿಡುವ ಸಲ್ಲೇಖನದ ಶಾಸನಗಳನ್ನು ಶತಮಾನಗಳಿಂದ ಓದಿಕೊಂಡು ಬಂದ ನಾಡು ಅದನ್ನು ತಳ್ಳಿಹಾಕಲಾರದು. ಅದಕ್ಕೆ ಉತ್ತರ ಪಾಲಿಸಿಯೊಳಗೆ ಇಲ್ಲ. ಗುಣವಾಗದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡ ಎಂದು ಮುಂಚಿತವಾಗಿಯೇ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. ವಿಮೆಯ ಅರ್ಜಿಗೆ ಸಹಿ ಹಾಕುವ ವಾರವೇ ಈ ಪತ್ರಕ್ಕೂ ಸಹಿ ಬೀಳಲಿ. ಐಸಿಯುವಿನ ಬಾಗಿಲಲ್ಲಿ ನಿಂತ ಮಗಳಿಗೆ ಹಣವಿದೆ ಎಂದು ಹೇಳಲು ಮೊದಲನೆಯದು ಇರುತ್ತದೆ, ಅಪ್ಪನಿಗೆ ಬೇಕಾದದ್ದು ಇಷ್ಟು ಎಂದು ಹೇಳಲು ಎರಡನೆಯದು.