ಇಷ್ಟೇ ತಾನೆ?

ಮೊನ್ನೆ ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಸಾಮಾನು ಕೊಳ್ಳುತ್ತಿದ್ದೆವು. ಅಕ್ಕಿಮೂಟೆಯನ್ನು ಗಲ್ಲಾದವರೆಗೆ ಎಳೆಯುವುದು ಹೇಗಪ್ಪಾ ಎಂದುಕೊಳ್ಳುವಷ್ಟರಲ್ಲಿ ಬಿಲ್ ಹಾಕುವ ಹುಡುಗಿ ವೈರಿಲ್ಲದ ಸ್ಕ್ಯಾನರ್ ಹಿಡಿದು ಮೂಟೆಯ ಬಳಿಗೇ ಬಂದಳು. ಕಪ್ಪು ಗೆರೆಗಳ ಮೇಲೆ ಕೆಂಪು ಬೆಳಕು ಬಿತ್ತು, 'ಬೀಪ್' ಎಂದಿತು, ಲೆಕ್ಕ ಮುಗಿಯಿತು. ನಾನು ಬೆರಗಾದೆ. ಗುಬ್ಬಿಯಿಂದ ಬಂದಿದ್ದ ನನ್ನ ಓರಗಿತ್ತಿ, "ಇಷ್ಟೇ ತಾನೆ ಅಕ್ಕಾ? ವೈರು ತೆಗೆದು ರೇಡಿಯೋ ಇಟ್ಟಿದ್ದಾರೆ" ಎಂದಳು.

ತನಗೇ ಗೊತ್ತಿಲ್ಲದೆ ಅವಳು ವಕೀಲರ ಮಾತಾಡಿದ್ದಳು. ಗೆರೆಗಳ ಈ ಸಂಕೇತಕ್ಕೆ ಅಮೆರಿಕದ ವುಡ್‌ಲ್ಯಾಂಡ್ ಮತ್ತು ಸಿಲ್ವರ್ ಪೇಟೆಂಟ್ ಪಡೆದದ್ದು 1952ರಲ್ಲಿ. ರೇಡಿಯೋ ಅದಕ್ಕಿಂತ ಹಳೆಯದು. ಎರಡನ್ನೂ ಕೂಡಿಸಿದವರು ಹೊಸದೇನು ಮಾಡಿದರು? ವೈರಿಲ್ಲದ ಸ್ಕ್ಯಾನರಿನ ಪೇಟೆಂಟ್ ಜಗಳದ ತಿರುಳು ಇದೇ. ಕಸುಬು ಬಲ್ಲವರಿಗೆ ತಾನಾಗಿ ಹೊಳೆಯುವಂಥದ್ದಕ್ಕೆ ನಮ್ಮ 1970ರ ಕಾಯ್ದೆಯೂ ಪೇಟೆಂಟ್ ಕೊಡುವುದಿಲ್ಲ. ಪಾತ್ರೆಗಳನ್ನು ಲೇತ್ ಯಂತ್ರದಲ್ಲಿ ಹಿಡಿದು ನಿಲ್ಲಿಸುವ ಸಾಧನವೊಂದರ ಪೇಟೆಂಟನ್ನು 1978ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ; ಅದರಲ್ಲಿ ಹೊಸ ಶೋಧವಿಲ್ಲ ಎಂದಿತು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕ ಕೊಟ್ಟಿದ್ದ ಪೇಟೆಂಟ್ 1997ರಲ್ಲಿ ರದ್ದಾಯಿತು. ಎಲ್ಲರ ಮನೆಯ ತಿಳಿವಿಗೆ ಒಬ್ಬರು ಬೀಗ ಹಾಕಬಾರದು. ಸರಿಯೇ.

ಆದರೂ 'ಇಷ್ಟೇ ತಾನೆ' ಎಂಬ ಮಾತು ನನ್ನನ್ನು ಚುಚ್ಚಿತು. ಕುಣಿಗಲ್ಲಿನಲ್ಲಿ ನಮ್ಮತ್ತೆ ಒಮ್ಮೆ ಹಳೇ ಸೈಕಲ್ ಟ್ಯೂಬು ಕತ್ತರಿಸಿ ಈಳಿಗೆಮಣೆಯ ಅಡಿಗೆ ಹೊಡೆದರು. ಅಲ್ಲಿಂದಾಚೆಗೆ ಮಣೆ ಜಾರಲಿಲ್ಲ. ಹಿಗ್ಗಿನಿಂದ ತೋರಿಸಿದಾಗ ನಾನು ನಕ್ಕು, "ಇಷ್ಟೇ ತಾನೆ ಅತ್ತೆ?" ಎಂದಿದ್ದೆ. ಅವರು ಮಾತಾಡದೆ ತೆಂಗಿನಕಾಯಿ ತುರಿಯತೊಡಗಿದರು. ಟ್ಯೂಬು ಎಲ್ಲರ ಮನೆಯಲ್ಲೂ ಇತ್ತು, ಮಣೆಯೂ ಇತ್ತು. ಜಾರಿದ ಮಣೆಯಿಂದಾದ ಗಾಯದ ಗುರುತು ಅವರ ಅಂಗೈಯಲ್ಲಿತ್ತು. ಅಷ್ಟು ಸುಲಭವಾಗಿದ್ದರೆ, ಅಷ್ಟು ವರ್ಷ ನಮಗ್ಯಾರಿಗೂ ಯಾಕೆ ಹೊಳೆಯಲಿಲ್ಲ?

ಉತ್ತರ ತಿಳಿದ ಮೇಲೆ ಯಾವ ಒಗಟೂ ಸುಲಭವೇ. ಅದಕ್ಕೇ ನ್ಯಾಯಾಧೀಶರು ಶೋಧದ ಹಿಂದಿನ ದಿನ ನಿಂತು ನೋಡಬೇಕು ಎನ್ನುತ್ತಾರೆ. ಅಡುಗೆಮನೆಯ ಶೋಧಕ್ಕೆ ಆ ನ್ಯಾಯವನ್ನು ನಾವೇ ಕೊಡುವುದಿಲ್ಲವಲ್ಲ! ಹಕ್ಕುಪತ್ರ ಎಲ್ಲದಕ್ಕೂ ಬೇಕಿಲ್ಲ. ಆದರೆ ಮೆಚ್ಚುಗೆಗೆ ಅರ್ಜಿ ಹಾಕಬೇಕೆ?

ಅತ್ತೆ ಈಗಿಲ್ಲ. ಆ ಮಣೆ ಗುಬ್ಬಿಯಲ್ಲಿ ಓರಗಿತ್ತಿಯ ಮನೆಯಲ್ಲಿದೆ. ಬಸ್ಸಿನವರೆಗೆ ನಡೆಯುತ್ತಾ ಇದನ್ನು ನೆನಪಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಅವರಿಗೆ ಒಂದು ದಿನವೂ ಹೇಳಲಿಲ್ಲ ಅಕ್ಕಾ" ಎಂದಳು.