ಅರವತ್ತರ ಮನೆಗೆ ಬಂದ ಇಪ್ಪತ್ತನಾಲ್ಕು

ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ಚಲಿಸುತ್ತದೆ. ನಮ್ಮ ಲ್ಯಾಪ್‌ಟಾಪು, ಟೀವಿಗಳ ಪರದೆ ಬಹುಮಟ್ಟಿಗೆ ಸೆಕೆಂಡಿಗೆ 60 ಸಲ ತನ್ನನ್ನು ಹೊಸದಾಗಿ ಬರೆದುಕೊಳ್ಳುತ್ತದೆ. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಒಂದು ಚಿತ್ರವನ್ನು ಎರಡೂವರೆ ಸಲ ತೋರಿಸಲು ಬರುವುದಿಲ್ಲ. ಹಾಗಾಗಿ ಯಂತ್ರ ಒಂದು ಉಪಾಯ ಹೂಡುತ್ತದೆ: ಮೊದಲ ಚಿತ್ರ ಮೂರು ಸಲ, ಮುಂದಿನದು ಎರಡು ಸಲ, ಮತ್ತೆ ಮೂರು, ಮತ್ತೆ ಎರಡು. ಸೆಕೆಂಡಿನ ಕೊನೆಗೆ ಲೆಕ್ಕ ಸರಿಹೋಗುತ್ತದೆ. ಆದರೆ ಸಮನಾಗಿ ಸುಮಾರು 42 ಮಿಲಿಸೆಕೆಂಡು ನಿಲ್ಲಬೇಕಾಗಿದ್ದ ಎರಡು ಚಿತ್ರಗಳಲ್ಲಿ ಒಂದು 50 ಮಿಲಿಸೆಕೆಂಡು ನಿಲ್ಲುತ್ತದೆ, ಇನ್ನೊಂದು 33ಕ್ಕೇ ಹೊರಟುಬಿಡುತ್ತದೆ.

ಪರದೆಯ ಮೇಲೆ ಯಾರೋ ಕೂತು ಮಾತಾಡುತ್ತಿದ್ದರೆ ಇದು ಗಮನಕ್ಕೇ ಬಾರದು. ಕ್ಯಾಮೆರಾ ಬಯಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಹೊರಳಿದಾಗ, ಅಥವಾ ಕೊನೆಯಲ್ಲಿ ಹೆಸರುಗಳ ಪಟ್ಟಿ ಮೇಲೇರುವಾಗ ದೃಶ್ಯ ಸಣ್ಣಗೆ ಕುಂಟುತ್ತದೆ. ಸಂಗೀತದ ಮಾತಿನಲ್ಲಿ ಹೇಳುವುದಾದರೆ, ಸಮನಡೆಯಲ್ಲಿ ಕಟ್ಟಿದ ಕೃತಿಯನ್ನು ಯಾರೋ ಖಂಡಛಾಪಿನ ಎರಡು-ಮೂರಕ್ಕೆ ಒತ್ತಿ ಕೂರಿಸಿದಂತೆ. ಖಂಡಛಾಪು ಚೆಂದದ ತಾಳವೇ. ಕೃತಿ ಕಟ್ಟಿದವರು ಅದನ್ನು ಕೇಳಿರಲಿಲ್ಲ, ಅಷ್ಟೆ.

ಪರಿಹಾರ ಇದೆ. ಬರುವ ವಿಡಿಯೋದ ವೇಗ ನೋಡಿ ಪರದೆಯೇ ತನ್ನ ವೇಗ ಬದಲಿಸಿಕೊಳ್ಳುವುದು. ಅದು 24ಕ್ಕೆ ಇಳಿಯಬಹುದು. 120ಕ್ಕೆ ಏರಿದರೂ ಆದೀತು, ಆಗ ಪ್ರತಿ ಚಿತ್ರಕ್ಕೂ ಐದೈದು ಸಲ, ಯಾರಿಗೂ ಹೆಚ್ಚಿಲ್ಲ ಕಡಿಮೆಯಿಲ್ಲ. ಕೋಡಿಯಂಥ ತಂತ್ರಾಂಶದಲ್ಲಿ ಈ ಸೌಲಭ್ಯವಿದೆ. ಆ್ಯಪಲ್ ಟೀವಿಗೆ 2017ರಲ್ಲಿ ಬಂತು. ಇದಕ್ಕೊಂದು ಸಣ್ಣ ಬೆಲೆಯೂ ಉಂಟು. ವೇಗ ಬದಲಾಗುವಾಗ ಅನೇಕ ಟೀವಿಗಳು ಒಂದೆರಡು ಸೆಕೆಂಡು ಪೂರ್ತಿ ಕಪ್ಪಾಗುತ್ತವೆ. ನನ್ನ ಗೆಳೆಯರಲ್ಲಿ ಈ ಆಯ್ಕೆಯನ್ನು ಆನ್ ಮಾಡಿದ ಒಂದಿಬ್ಬರು ಆ ಕತ್ತಲೆಗೆ ಬೇಸತ್ತು ಮತ್ತೆ ಆಫ್ ಮಾಡಿದ್ದಾರೆ. ಎರಡೂವರೆ ಗಂಟೆ ಕುಂಟುವ ಚಿತ್ರವನ್ನು ಸಹಿಸಬಹುದು, ಎರಡು ಸೆಕೆಂಡು ಕಾಯುವುದು ಆಗದು. (ಇದರಲ್ಲೂ ಸೂಕ್ಷ್ಮಗಳಿವೆ. 1953ರ ಅಮೆರಿಕದ ಬಣ್ಣದ ಟೀವಿಯ ಲೆಕ್ಕಾಚಾರದಿಂದಾಗಿ ಎಷ್ಟೋ ಸಿನಿಮಾಗಳು ಮನೆಗೆ ಬರುವುದು 24ರಲ್ಲಲ್ಲ, 23.976ರಲ್ಲಿ. ಪರದೆ ಕರಾರುವಾಕ್ಕಾಗಿ 24ಕ್ಕೆ ನಿಂತರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಚಿತ್ರ ಎರಡು ಸಲ ಬಂದು ಸಣ್ಣಗೆ ಎಡವುತ್ತದೆ.)

ಎಂಜಿನಿಯರರ ಈ ಸಮಸ್ಯೆಯೊಳಗೆ ನೀತಿಯ ಪ್ರಶ್ನೆಯೊಂದು ಕೂತಿದೆ ಎಂದು ನನಗನ್ನಿಸುತ್ತದೆ. ಎರಡು ಲಯಗಳು ಭೇಟಿಯಾದಾಗ ಹೊಂದಿಕೊಳ್ಳಬೇಕಾದವರು ಯಾರು? ಬಂದವರೋ, ಮನೆಯವರೋ?

ಬಂದವರೇ ಹೊಂದಿಕೊಳ್ಳಲಿ ಎನ್ನುವ ಉತ್ತರ ನಮಗೆ ಹೊಸದಲ್ಲ. ವಿದ್ಯುತ್ತು 50 ಹರ್ಟ್ಸ್‌ನಲ್ಲಿ ಹರಿಯುವ ಭಾರತದಲ್ಲಿ ದೂರದರ್ಶನ ಆರಿಸಿಕೊಂಡದ್ದು ಸೆಕೆಂಡಿಗೆ 25 ಚಿತ್ರಗಳ ಪದ್ಧತಿ. ಯುರೋಪಿನ ಹೆಚ್ಚಿನ ಕಡೆಯೂ ಅದೇ. 24ರ ಸಿನಿಮಾವನ್ನು 25ರ ಟೀವಿಗೆ ತರಲು ಈ ಪದ್ಧತಿಯ ದೇಶಗಳಲ್ಲಿ ಬಳಕೆಗೆ ಬಂದ ಸುಲಭದ ದಾರಿಯೆಂದರೆ ಇಡೀ ಸಿನಿಮಾವನ್ನೇ ಸ್ವಲ್ಪ ಜೋರಾಗಿ ಓಡಿಸುವುದು. ಕುಂಟು ಇಲ್ಲ, ಕತ್ತಲೆ ಇಲ್ಲ. ಎರಡು ಗಂಟೆಯ ಚಿತ್ರ 4 ನಿಮಿಷ 48 ಸೆಕೆಂಡು ಮೊದಲೇ ಮುಗಿಯುತ್ತದೆ. ಧ್ವನಿಯನ್ನು ಪ್ರತ್ಯೇಕವಾಗಿ ತಿದ್ದದಿದ್ದರೆ ಶ್ರುತಿಯೂ ಶೇಕಡಾ 4ರಷ್ಟು ಏರುತ್ತದೆ. ಷಡ್ಜದಿಂದ ಶುದ್ಧ ರಿಷಭಕ್ಕೆ ಇರುವ ದೂರದ ಸುಮಾರು ಮೂರನೇ ಎರಡು ಭಾಗ. ನಾಯಕನ ಕಂಠ ತುಸು ಎಳೆಯದಾಗುತ್ತದೆ, ತಾಯಿಯ ಅಳು ತುಸು ಬೇಗ ಮುಗಿಯುತ್ತದೆ. ಹೀಗೆ ಟೀವಿಯಲ್ಲಿ ಮಾತ್ರ ಆ ಚಿತ್ರ ನೋಡಿ ಬೆಳೆದವರಿಗೆ ಏರಿದ ಕಂಠವೇ ಅಸಲಿ ಕಂಠ. ಕಳೆದುಕೊಂಡದ್ದು ಅವರಿಗೆ ತಿಳಿಯುವುದೇ ಇಲ್ಲ.

ತಿಳಿಯದ ನಷ್ಟ ನಷ್ಟವೇ? ಅನುವಾದದ ಬಗ್ಗೆ ಓದುವ ನನಗೆ ಈ ಪ್ರಶ್ನೆ ಇನ್ನೊಂದು ದಾರಿಯಿಂದಲೂ ಎದುರಾಗುತ್ತದೆ. ಜರ್ಮನಿಯ ಶ್ಲೈಯರ್‌ಮಾಖರ್ 1813ರಲ್ಲಿ ಬರ್ಲಿನ್ನಿನಲ್ಲಿ ಕೊಟ್ಟ ಉಪನ್ಯಾಸದಲ್ಲಿ ಅನುವಾದಕನಿಗೆ ಇರುವುದು ಎರಡೇ ದಾರಿ ಎಂದ: ಲೇಖಕನನ್ನು ಅವನಿದ್ದಲ್ಲೇ ಬಿಟ್ಟು ಓದುಗನನ್ನು ಅವನತ್ತ ನಡೆಸುವುದು, ಇಲ್ಲವೆ ಓದುಗನನ್ನು ಕೂತಲ್ಲೇ ಬಿಟ್ಟು ಲೇಖಕನನ್ನು ಎಳೆದು ತರುವುದು. ಅವನ ಒಲವು ಮೊದಲನೆಯದರ ಕಡೆಗಿತ್ತು. ಟೀವಿ ಕಪ್ಪಾಗುವ ಆ ಎರಡು ಸೆಕೆಂಡು ನನಗೆ ಓದುಗ ಎದ್ದು ಹೊರಡುವ ಸಮಯದಂತೆ ಕಾಣುತ್ತದೆ. ಕನ್ನಡಕ್ಕೆ ಬಂದ ಒಳ್ಳೆಯ ಅನುವಾದಗಳಲ್ಲೂ ಮೊದಲ ಹತ್ತು ಪುಟ ಇಂಥದೊಂದು ಕತ್ತಲೆ ಇರುತ್ತದೆ. ವಾಕ್ಯದ ನಡಿಗೆ ನಮ್ಮದಲ್ಲ, ಹೆಸರುಗಳು ನಾಲಿಗೆಗೆ ಕೂರುವುದಿಲ್ಲ.

ಈಚಿನ ಟೀವಿಗಳು ಶ್ಲೈಯರ್‌ಮಾಖರ್ ಊಹಿಸದ ಮೂರನೆಯ ದಾರಿಯೊಂದನ್ನು ಹಿಡಿದಿವೆ. ಮೋಷನ್ ಸ್ಮೂದಿಂಗ್ ಎಂಬ ಆಯ್ಕೆಯಲ್ಲಿ ಯಂತ್ರ ಎರಡು ಚಿತ್ರಗಳ ನಡುವೆ ಏನಿದ್ದಿರಬಹುದು ಎಂದು ಊಹಿಸಿ ತಾನೇ ಹೊಸ ಚಿತ್ರಗಳನ್ನು ತುಂಬುತ್ತದೆ. 24ರ ಸಿನಿಮಾವನ್ನು ಪೂರ್ತಿಯಾಗಿ 120ಕ್ಕೆ ತುಂಬಿದರೆ ನಾವು ನೋಡುವ ಐದರಲ್ಲಿ ನಾಲ್ಕು ಚಿತ್ರಗಳನ್ನು ಯಾವ ಕ್ಯಾಮೆರಾವೂ ಹಿಡಿದಿಲ್ಲ. 2018ರ ಡಿಸೆಂಬರಿನಲ್ಲಿ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಒಂದು ವಿಡಿಯೋ ಮಾಡಿ, ಇದನ್ನು ದಯವಿಟ್ಟು ಆಫ್ ಮಾಡಿ ಎಂದು ಪ್ರೇಕ್ಷಕರನ್ನು ಕೇಳಿಕೊಂಡರು. ನಟನೊಬ್ಬ ತನ್ನ ದೇಹದ ಚಲನೆಯ ಬಗ್ಗೆ ಹೀಗೆ ಬೇಡಿಕೊಳ್ಳಬೇಕಾದ್ದು ವಿಚಿತ್ರ. ಆದರೆ ನ್ಯಾಯವಾದ ಬೇಡಿಕೆ.

ಊರಲ್ಲಿ ನಮ್ಮ ಅಜ್ಜಿಗೆ ಈ ನುಣುಪೇ ಇಷ್ಟ. ಹಳೆಯ ಕಪ್ಪು-ಬಿಳುಪು ಚಿತ್ರ ಕೂಡ "ಈಗ ಎದುರಿಗೇ ನಡೀತಿರೋ ಹಂಗೆ ಕಾಣ್ತದೆ ನೋಡು" ಎನ್ನುತ್ತಾಳೆ. ಅವಳ ಮುಂದೆ ರಿಮೋಟ್ ಕಸಿದು ಶುದ್ಧತೆಯ ಪಾಠ ಹೇಳುವ ಧೈರ್ಯ ನನಗಿಲ್ಲ, ಮನಸ್ಸೂ ಇಲ್ಲ. ಅಷ್ಟಕ್ಕೂ 24 ಎಂಬುದೇನು ಆಕಾಶದಿಂದ ಇಳಿದದ್ದಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ವೇಗ ಒಬ್ಬೊಬ್ಬರದು ಒಂದೊಂದು. 1920ರ ದಶಕದ ಕೊನೆಗೆ ಮಾತು ಬಂದಾಗ ಧ್ವನಿಗೆ ಸಾಕಾಗುವ, ಫಿಲ್ಮಿನ ಖರ್ಚಿಗೂ ಹೊರೆಯಾಗದ ಒಂದು ವೇಗ ಬೇಕಾಯಿತು, 24 ಎಂದಾಯಿತು. ಚಿತ್ರಮಂದಿರದಲ್ಲೂ ಪ್ರೊಜೆಕ್ಟರಿನ ಶಟರು ಒಂದೊಂದು ಚಿತ್ರವನ್ನು ಎರಡು ಅಥವಾ ಮೂರು ಸಲ ಮಿನುಗಿಸುತ್ತಿತ್ತು, ಕಣ್ಣಿಗೆ ಮಿಣುಕು ಹತ್ತದಿರಲೆಂದು. ಅಂದರೆ ನಾನು ನಿಷ್ಠೆ ತೋರಿಸಬೇಕೆನ್ನುತ್ತಿರುವುದು ಒಂದು ವ್ಯಾಪಾರದ ಒಪ್ಪಂದಕ್ಕೆ. ಇರಲಿ. ಆ ಒಪ್ಪಂದದೊಳಗೆ ಕೂತೇ ಜನ ಯಾವ ನೋಟ ಎಷ್ಟು ಹೊತ್ತು ನಿಲ್ಲಬೇಕು ಎಂದು ನಿರ್ಧರಿಸಿದ್ದು. ಛಂದಸ್ಸು ಕವಿ ಹುಟ್ಟಿಸಿದ್ದಲ್ಲವೆಂದು ಅವನ ಸಾಲನ್ನು ಬೇರೆ ಮಾತ್ರೆಗೆ ಹಿಗ್ಗಿಸುವುದಿಲ್ಲವಲ್ಲ. ಅಜ್ಜಿಯದು ಆಯ್ಕೆಯಾಗಿದ್ದರೆ ನನ್ನ ತಕರಾರಿಲ್ಲ. ಆದರೆ ಅವಳು ಆರಿಸಿಕೊಂಡದ್ದಲ್ಲ. ಟೀವಿ ಪೆಟ್ಟಿಗೆಯಿಂದ ಹೊರಬರುವಾಗಲೇ ಹಾಗಿತ್ತು.

ವೇಗ ಬರಿಯ ರುಚಿಯ ವಿಷಯವೂ ಅಲ್ಲ. 2016ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಗುಂಡು ಹಾರಿಸಿದ ಘಟನೆಯ ವಿಡಿಯೋವನ್ನು ನಿಧಾನಗತಿಯಲ್ಲಿ ನೋಡಿದವರು, ಅದನ್ನು ಸಹಜ ವೇಗದಲ್ಲಿ ನೋಡಿದವರಿಗಿಂತ ಹೆಚ್ಚಾಗಿ, ಅದು ಉದ್ದೇಶಪೂರ್ವಕ ಎಂದು ತೀರ್ಮಾನಿಸಿದರು. ಕೃತ್ಯ ಅದೇ. ಹಿಗ್ಗಿದ ಕಾಲದಲ್ಲಿ ಆತನಿಗೆ ಯೋಚಿಸಲು ಹೊತ್ತಿತ್ತು ಎಂದು ನೋಡುವವರಿಗೆ ಅನ್ನಿಸಿಬಿಡುತ್ತದೆ. ಒಬ್ಬ ಮನುಷ್ಯ ಕೊಲೆಗಾರನೋ ಅಲ್ಲವೋ ಎಂಬುದರಲ್ಲಿ ಪರದೆಯ ವೇಗಕ್ಕೂ ಪಾಲಿದೆ ಎಂದರೆ, ಕಾಲವನ್ನು ಹಿಗ್ಗಿಸಿದವರು ಅದನ್ನು ಹೇಳಲೇಬೇಕಾಗುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ 2021ರಿಂದ ಧ್ವನಿ ಸಂದೇಶಗಳನ್ನು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳಬಹುದು. ಕೆಲಸದ ಮಾತಿಗೆ ಅದು ಅನುಕೂಲವೇ, ನಾನೂ ಬಳಸುತ್ತೇನೆ. ಸಂಶೋಧನೆಗಾಗಿ ದಾಖಲಿಸಿಕೊಂಡ ಹಿರಿಯರ ಮಾತುಗಳನ್ನು ಬರಹಕ್ಕಿಳಿಸುವಾಗ ಮಾತ್ರ ಮೊದಲ ಸುತ್ತು ಅವರದೇ ವೇಗದಲ್ಲಿ ಕೇಳಬೇಕೆಂದು ನಿಯಮ ಮಾಡಿಕೊಂಡಿದ್ದೇನೆ. ಒಂದು ದಾಖಲೆಯಲ್ಲಿ ಎಂಬತ್ತರ ಆಸುಪಾಸಿನ ಹೆಂಗಸೊಬ್ಬರು ಬಿತ್ತನೆಯ ಹಾಡುಗಳ ಬಗ್ಗೆ ಮಾತಾಡುತ್ತಿದ್ದಾರೆ. ಈ ಹಾಡನ್ನು ಜೊತೆಗೆ ಹಾಡುತ್ತಿದ್ದವರು ಯಾರು ಎಂದು ಕೇಳುತ್ತೇನೆ. ಅವರು ಸುಮ್ಮನಾಗುತ್ತಾರೆ. ಹೊರಗೆ ಕೋಳಿ ಕೂಗುತ್ತದೆ, ಯಾರೋ ಕೊಡ ಕೆಳಗಿಡುತ್ತಾರೆ. ಹನ್ನೊಂದು ಸೆಕೆಂಡು ಕಳೆದ ಮೇಲೆ, "ನನ್ನ ತಂಗಿ" ಎನ್ನುತ್ತಾರೆ. ಒಂದೂವರೆ ಪಟ್ಟಿನಲ್ಲಿ ಕೇಳಿದರೆ ಅದು ಏಳು ಸೆಕೆಂಡು ಚಿಲ್ಲರೆ. ನಾನು ಬಳಸುವ ಆ್ಯಪ್‌ನಲ್ಲಿ ಮೌನವನ್ನು ಪೂರ್ತಿ ಹಾರಿಸಿಬಿಡುವ ಗುಂಡಿಯೂ ಇದೆ. ಅದನ್ನು ಒತ್ತಿದರೆ ಪ್ರಶ್ನೆಗೆ ತಾಗಿಕೊಂಡೇ ಉತ್ತರ ಬರುತ್ತದೆ. ಪ್ರಬಂಧದಲ್ಲಿ ಆ ಜಾಗದಲ್ಲಿ ಮೂರು ಚುಕ್ಕೆ ಇಡುವುದೋ, ಆವರಣದಲ್ಲಿ 11 ಸೆಕೆಂಡು ಎಂದು ಬರೆಯುವುದೋ ಎಂದು ಇನ್ನೂ ನಿರ್ಧರಿಸಿಲ್ಲ.