ಲೆಕ್ಕದ ಮಾತು, ಗದ್ದೆಯ ಮಾತು

2024ನೆಯ ಇಸವಿಯ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಕಾಲುವೆಯ ನೀರನ್ನೇ ನೆಚ್ಚಿ ಭತ್ತ ಬೆಳೆಯುವ ನಮ್ಮ ಎಮ್ಮಿಗನೂರಿನಲ್ಲಿ, ಸಸಿ ಬಲಿತು ನಾಟಿಗೆ ಕಾದಿದ್ದವರಿಗೆಲ್ಲ ಮರುದಿನದಿಂದ ಅದೊಂದೇ ಚಿಂತೆ. ಅಂಥವರಲ್ಲಿ ವೃದ್ಧರೊಬ್ಬರು ನಾನು ಆಗ ಕೆಲಸಕ್ಕಿದ್ದ ಕಚೇರಿಯ ಮೆಟ್ಟಿಲೇರಿ ಬಂದು, ಹೆಗಲ ಮೇಲಿನ ಟವೆಲಿನಿಂದ ಮುಖವೊರೆಸಿಕೊಂಡು, "ಸಾಹೇಬ್ರ, ನಾಟಿ ಹಚ್ಚಲೋ ಬ್ಯಾಡೋ?" ಎಂದು ಕೇಳಿದರು.

ನಾನು ಅವರನ್ನು ಕೂರಿಸಿ ಎಲ್ಲವನ್ನೂ ಸಾದ್ಯಂತವಾಗಿ ವಿವರಿಸಿದೆ. ಜಲಾಶಯದ ಸಾಮರ್ಥ್ಯ ಸುಮಾರು 105 ಟಿಎಂಸಿ. ಗೇಟು ಕೂರಿಸಬೇಕಾದರೆ ಸುಮಾರು 60 ಟಿಎಂಸಿಯನ್ನು ಹೊರಬಿಡಬೇಕಾದೀತೆಂದು ಅಂದಾಜು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಷ್ಟು ನೀರು ಒಂದೇ ದಿನದಲ್ಲಿ ಬಂದು ಸೇರಲು 11,574 ಕ್ಯೂಸೆಕ್ ಒಳಹರಿವು ಬೇಕು. ಅವರು ನಡುವೆ ಬಾಯಿ ಹಾಕದೆ ಕೇಳಿದರು. ನಾನು ಮುಗಿಸಿದ ಮೇಲೆ, "ಅದೆಲ್ಲಾ ಖರೇರಿ. ನಾಟಿ ಹಚ್ಚಲೋ ಬ್ಯಾಡೋ?" ಎಂದರು.

ನನ್ನ ಅಂಕಿಗಳಲ್ಲಿ ಒಂದೂ ತಪ್ಪಿರಲಿಲ್ಲ. ಉತ್ತರ ಮಾತ್ರ ಇರಲಿಲ್ಲ. ಅಂಕಿಗಳಿಂದ ನಿರ್ಣಯದವರೆಗಿನ ದಾರಿಯನ್ನು ಸವೆಸುವುದು ನನ್ನ ಹೊಣೆಯಾಗಿದ್ದಾಗ, ಆ ದಾರಿಯನ್ನು ಎಪ್ಪತ್ತರ ಹಿರಿಯರ ಕಾಲ ಮೇಲೆ ಹೊರಿಸಿ, ಅದನ್ನೇ ಅವರಿಗೆ ಸಲ್ಲಿಸಿದ ಗೌರವವೆಂದು ನಾನು ಬಗೆದಿದ್ದೆ. ವಿಶ್ಲೇಷಣಪ್ರವೃತ್ತಿಯವರ ಮಾತಿನಲ್ಲಿ ಈ ದೋಷ ಕಂಡಾಗ ಜನ ಅದನ್ನು ಅಹಂಕಾರವೆಂದು ಭಾವಿಸುವುದುಂಟು. ನನ್ನ ಅನುಭವದ ಮಟ್ಟಿಗೆ ಅದು ಹಾಗಲ್ಲ. ಆಧಾರವಿರುವುದಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಾಗಿ ಆಡಬಾರದೆಂಬ ಪ್ರಾಮಾಣಿಕತೆ ಅದರ ಮೂಲದಲ್ಲಿದೆ. ಆ ಪ್ರಾಮಾಣಿಕತೆಯೊಡನೆ, ನಿರ್ಣಯ ಹುಸಿಯಾದರೆ ನಿಂದೆ ತನಗೆ ತಟ್ಟೀತೆಂಬ ಅಳುಕೂ ಬೆರೆತಿರುತ್ತದೆ ಎಂಬುದನ್ನು ಒಪ್ಪಲು ನನಗೆ ಬಹಳ ಕಾಲ ಹಿಡಿಯಿತು.

ಹಾಗೆಂದು ಈ ಸ್ವಭಾವವನ್ನೇ ತೊರೆಯಬೇಕೆಂಬ ಉಪದೇಶವನ್ನು ನಾನು ಸರ್ವಥಾ ಒಪ್ಪಲಾರೆ. ಅದೇ ದಿನಗಳಲ್ಲಿ ಹೊಸಪೇಟೆಯ ಅಣೆಕಟ್ಟಿನ ಮೇಲೆ, ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ರಭಸದಿಂದ ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್‌ಗಳನ್ನು ಇಳಿಸಿ ಒಂದು ವಾರದೊಳಗೆ ನೀರನ್ನು ತಡೆದವರ ನಡುವೆ, "ಸುಮಾರಾಗಿ", "ಆದೀತು" ಎಂಬ ಮಾತುಗಳಿಗೆ ಎಡೆಯೆಲ್ಲಿ? ಉಕ್ಕಿನ ಹಲಗೆ ಅಂಗುಲ ತಪ್ಪಿದರೂ ಕೂರದು. ಆ ನಿಷ್ಠುರ ಬುದ್ಧಿಯೇ ನಮ್ಮ ಗದ್ದೆಗಳನ್ನು ಉಳಿಸಿತು.

ಬದಲಾಗಬೇಕಾದದ್ದು ಬುದ್ಧಿಯಲ್ಲ, ಮಾತಿನ ಅನುಕ್ರಮ ಮತ್ತು ಅಳತೆ. ಯೋಚಿಸುವಾಗ ನಿರ್ಣಯ ಕೊನೆಯಲ್ಲಿ ಬರುವುದು ಸಹಜ. ಹೇಳುವಾಗ ಅದೇ ಮೊದಲು ಬರಬೇಕು. ಅಳತೆಯೂ ಕೇಳುವವನ ನೆಲದ್ದಾಗಿರಬೇಕು. ಒಂದು ಕ್ಯೂಸೆಕ್ ನೀರು ಇಡೀ ಹಗಲು ರಾತ್ರಿ ಹರಿದರೆ, ನೆಲ ಕುಡಿಯುವುದನ್ನು ಬಿಟ್ಟು ಲೆಕ್ಕ ಹಾಕಿದಲ್ಲಿ, ಸುಮಾರು ಹನ್ನೆರಡು ಎಕರೆ ಗದ್ದೆಯಲ್ಲಿ ಎರಡಂಗುಲ ನೀರು ನಿಲ್ಲುತ್ತದೆ. ಇಷ್ಟು ಹೇಳಿದರೆ, ಟಿಎಂಸಿ ಎಂಬ ಅಕ್ಷರಗಳನ್ನೇ ಕೇಳದವನೂ ತನ್ನ ತೂಬಿನ ಮುಂದೆ ನಿಂತು ಉಳಿದ ಲೆಕ್ಕವನ್ನು ನನಗಿಂತ ಚುರುಕಾಗಿ ಮಾಡಬಲ್ಲನು. ಇನ್ನು, ತಿಳಿಯದಿದ್ದಲ್ಲಿ ತಿಳಿಯದೆಂದೇ ಹೇಳತಕ್ಕುದು. ಆದರೆ ಎಂದು ತಿಳಿದೀತೆಂಬುದನ್ನು ಅದರ ಜೊತೆಗೇ ಹೇಳದಿದ್ದರೆ ಆ ಸತ್ಯದಿಂದ ಕೇಳಿದವನಿಗೆ ಏನೂ ದಕ್ಕದು.

ವಿಶ್ಲೇಷಣಪ್ರವೃತ್ತಿಯವರೊಡನೆ ದುಡಿಯುವವರಿಗೂ ಒಂದು ಮಾತು. "ಎಷ್ಟು? ಯಾವ ತಾರೀಖು? ಯಾರು ಹೇಳಿದರು?" ಎಂದು ಅವರು ಕೇಳುವುದು ಅಪನಂಬಿಕೆಯಿಂದಲ್ಲ. ವಿಷಯವನ್ನು ಹಿಂದಿನ ಸಂಜೆಯೇ ಬರೆದುಕೊಟ್ಟು, ಸಭೆಯಲ್ಲಿ ಥಟ್ಟನೆ ಸಮ್ಮತಿ ಕೇಳದಿದ್ದರೆ, ಅವರ ಬಿಗಿ ತಾನಾಗಿ ಸಡಿಲುವುದನ್ನು ನಾನು ಕಂಡಿದ್ದೇನೆ.

ಆ ಹಿರಿಯರು ಬಂದುಹೋದ ದಿನದ ಸಂಜೆ ನಾನು ಕಚೇರಿಯ ಕರಿಹಲಗೆಯನ್ನು ಒರೆಸಿ ಮೇಲ್ಗಡೆ ದಪ್ಪಕ್ಷರಗಳಲ್ಲಿ, "ನಾಟಿಯ ಬಗ್ಗೆ ಈ ಹೊತ್ತು ಹೇಳಲಾಗದು. ಗೇಟು ಕೂತ ಮರುದಿನ ಬೆಳಿಗ್ಗೆ 10ಕ್ಕೆ ಇಲ್ಲಿಯೇ ಬರೆಯುತ್ತೇವೆ" ಎಂದು ಬರೆದೆ, ನೀರಿನ ಮಟ್ಟ, ಒಳಹರಿವು, ಹೊರಹರಿವುಗಳನ್ನು ಅದರ ಕೆಳಗೆ ಸಣ್ಣದಾಗಿ ಬರೆದೆ. ಮರುದಿನ ಅದೇ ಹಿರಿಯರು ಮೊಮ್ಮಗನೊಡನೆ ಬಂದರು. ಹುಡುಗ ಮೊದಲ ಸಾಲನ್ನು ಓದಿ ಹೇಳಿದನು. "ಹಂಗಾದ್ರ ಸಸಿ ಇನ್ನೆರಡು ದಿನ ಮಡಿಯಾಗ ಇರ್ಲಿ ಬಿಡು" ಎನ್ನುತ್ತ ಅವರು ಮೆಟ್ಟಿಲಿಳಿದರು. ಹುಡುಗ ಮಾತ್ರ ಹಿಂದುಳಿದು, ಮೊಬೈಲು ತೆಗೆದು, ಕೆಳಗಿನ ಅಂಕಿಗಳ ಫೋಟೋ ಹಿಡಿದುಕೊಂಡನು.